ಹಣ್ಣೆಲೆ ಉದುರುವಂತೆ: ಸೂಕ್ಷ್ಮ ಚರ್ಮಕ್ಕೆ ಮೃದು ಆಮ್ಲಗಳ ನೆರವು

ಚರ್ಮದ ಮೇಲ್ಪದರದಲ್ಲಿ ಆಯುಸ್ಸು ಮುಗಿಸಿ ನಿಂತಿರುವ ಕೋಶಗಳನ್ನು ತೆಗೆಯುವ ಆರೈಕೆಗೆ ಸೌಂದರ್ಯೋತ್ಪನ್ನಗಳ ಪೇಟೆಯಲ್ಲಿ ಎಕ್ಸ್‌ಫೋಲಿಯೇಷನ್ ಎಂಬ ಹೆಸರಿದೆ. ಈ ಪದದ ಬೇರು ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಲ್ಲಿದ್ದು, ಗಿಡದಿಂದ ಎಲೆ ಬಿಡಿಸುವುದು ಎಂಬುದೇ ಅದರ ಮೊದಲ ಅರ್ಥ. ಹಣ್ಣಾದ ಎಲೆ ಗಾಳಿಯ ಸಣ್ಣ ಅಲುಗಾಟಕ್ಕೇ ತೊಟ್ಟು ಕಳಚಿ ಬೀಳುತ್ತದೆ. ಹಸಿರೆಲೆಯನ್ನು ಜಗ್ಗಿ ಕಿತ್ತರೆ ತೊಟ್ಟಿನೊಡನೆ ಸಿಪ್ಪೆಯೂ ಸುಲಿದು, ಆ ಜಾಗದಲ್ಲಿ ಗಾಯವುಳಿಯುತ್ತದೆ. ಚರ್ಮದ ಆರೈಕೆಯಲ್ಲಿಯೂ ಇರುವುದು ಇದೇ ವ್ಯತ್ಯಾಸ. ಉದುರಲು ಸಿದ್ಧವಾದ ಕೋಶಗಳು ಉದುರುವುದಕ್ಕೆ ಮೆಲ್ಲಗೆ ನೆರವಾದರೆ ಮುಖ ನಯವಾಗುತ್ತದೆ, ಇನ್ನೂ ಕಾವಲು ಕಾಯಬೇಕಾದ ಕೋಶಗಳನ್ನು ಕಿತ್ತುಹಾಕಿದರೆ ಉರಿ, ತುರಿಕೆ ಮತ್ತು ಕಪ್ಪು ಕಲೆಗಳು ಹಿಂದೆಯೇ ಬರುತ್ತವೆ. ಸಾಮಾನ್ಯ ಚರ್ಮ ಇಂಥ ತಪ್ಪನ್ನು ಒಂದೆರಡು ಸಲ ಸಹಿಸಿಕೊಳ್ಳಬಹುದು. ಸೂಕ್ಷ್ಮ ಚರ್ಮಕ್ಕೆ ಆ ಸೈರಣೆ ಇಲ್ಲವಾದ್ದರಿಂದ, ಆಮ್ಲಗಳ ಬಳಕೆಯ ಹಿಂದಿರುವ ವಿಜ್ಞಾನವನ್ನು ಮೊದಲು ಅರಿತು, ಆಮೇಲೆ ಸೀಸೆಗೆ ಕೈ ಹಾಕುವುದು ಕ್ಷೇಮ.

ಇಟ್ಟಿಗೆ, ಗಾರೆ ಮತ್ತು ಗುಂಡಿಗಳು

ಚರ್ಮದ ಹೊರಭಾಗವಾದ ಎಪಿಡರ್ಮಿಸ್‌ನ ತಳದಲ್ಲಿ ಹೊಸ ಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೇಲೇರುತ್ತ ಚಪ್ಪಟೆಯಾಗಿ, ತಮ್ಮೊಳಗಿನ ಕೋಶಕೇಂದ್ರವನ್ನು ಕಳೆದುಕೊಂಡು, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನೇ ತುಂಬಿಕೊಂಡ ತೆಳು ಹಾಳೆಗಳಾಗುತ್ತವೆ. ಇಂಥ ಹಾಳೆಗಳು ಹದಿನೈದು ಇಪ್ಪತ್ತು ಸಾಲುಗಳಾಗಿ ಒಂದರ ಮೇಲೊಂದು ಜೋಡಣೆಗೊಂಡ ಪದರವನ್ನು ಸ್ಟ್ರೇಟಮ್ ಕಾರ್ನಿಯಮ್, ಅಂದರೆ ಕೊಂಬಿನಂಥ ಪದರ, ಎಂದು ಕರೆಯುತ್ತಾರೆ. ದೇಹದ ಬಹುಭಾಗದಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ಇದ್ದು, ದಿನಪತ್ರಿಕೆಯ ಹಾಳೆಗಿಂತಲೂ ತೆಳುವಾಗಿದೆ. ಆದರೂ ದೇಹದೊಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಧೂಳು, ರಾಸಾಯನಿಕ ಮತ್ತು ಸೂಕ್ಷ್ಮಾಣುಗಳು ಒಳನುಗ್ಗದಂತೆ ತಡೆಯುವ ಮುಖ್ಯ ಗೋಡೆ ಇದೇ. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಈ ರಚನೆಯನ್ನು ಇಟ್ಟಿಗೆ ಗಾರೆಯ ಗೋಡೆಗೆ ಹೋಲಿಸಿ ಪ್ರಚುರಪಡಿಸಿದರು: ಕೋಶಗಳು ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಮಿಶ್ರಣವೇ ಗಾರೆ.

ಇಟ್ಟಿಗೆಗಳನ್ನು ಒಂದಕ್ಕೊಂದು ಹಿಡಿದಿಡಲು ಗಾರೆಯ ಜೊತೆಗೆ ಅಂಗಿಯ ಗುಂಡಿಗಳಂಥ ಪ್ರೋಟೀನು ಕೊಂಡಿಗಳೂ ಇವೆ. ಇವುಗಳಿಗೆ ಕಾರ್ನಿಯೋಡೆಸ್ಮೋಸೋಮ್ ಎಂದು ಹೆಸರು. ಕೋಶವು ಮೇಲ್ಮೈಗೆ ಬಂದಂತೆ ಚರ್ಮದಲ್ಲೇ ಇರುವ ಕಿಣ್ವಗಳು ಈ ಗುಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತವೆ, ಆಗ ಕೋಶವು ಕಣ್ಣಿಗೆ ಕಾಣದ ಹುಡಿಯಾಗಿ ಉದುರುತ್ತದೆ. ತಳದಲ್ಲಿ ಹುಟ್ಟಿದ ಕೋಶ ಹೀಗೆ ಉದುರಿಹೋಗಲು ಯೌವನದಲ್ಲಿ ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸು ಏರಿದಂತೆ ಈ ಅವಧಿಯೂ ಬೆಳೆಯುತ್ತದೆ. ಗುಂಡಿ ಕತ್ತರಿಸುವ ಕಿಣ್ವಗಳಿಗೆ ಕೆಲಸ ಮಾಡಲು ನೀರಿನ ಪಸೆ ಬೇಕು ಎಂಬುದನ್ನು ಇಲ್ಲಿ ವಿಶೇಷವಾಗಿ ನೆನಪಿಡಬೇಕು. ಚರ್ಮ ಒಣಗಿದಾಗ ಕಿಣ್ವಗಳ ಕೆಲಸ ಕುಂಠಿತವಾಗಿ, ಬಿಡಿಬಿಡಿಯಾಗಿ ಉದುರಬೇಕಿದ್ದ ಕೋಶಗಳು ಗುಂಪುಗುಂಪಾಗಿ ಅಂಟಿಕೊಂಡು ಬಿಳಿಯ ಹೊಟ್ಟಿನಂತೆ ಕಾಣಿಸುತ್ತವೆ. ಆದ್ದರಿಂದ ಮುಖದ ಮೇಲೆ ಹೊಟ್ಟು ಕಂಡ ಕೂಡಲೇ ಅದನ್ನು ಉಜ್ಜಿ ತೆಗೆಯಬೇಕೆಂದು ಹೊರಡುವವರು ಬಾಯಾರಿದವನಿಗೆ ಉಪ್ಪು ತಿನ್ನಿಸಿದಂಥ ಕೆಲಸವನ್ನೇ ಮಾಡುತ್ತಾರೆ. ಒಳ್ಳೆಯ ತೇವಾಂಶಕಾರಿ ಕ್ರೀಮನ್ನು ಹಚ್ಚಿದರೆ ಎಷ್ಟೋ ಸಲ ಅದೇ ಸಾಕಾಗಿ, ಚರ್ಮ ತನ್ನ ಪೊರೆಯನ್ನು ತಾನೇ ಬಿಡುತ್ತದೆ.

ಈ ವ್ಯವಸ್ಥೆಯ ಇನ್ನೊಂದು ಆಧಾರ ಚರ್ಮದ ಹುಳಿ. ಆಮ್ಲತೆಯನ್ನು ಅಳೆಯುವ ಮಾನಕ್ಕೆ ಪಿಎಚ್ ಎನ್ನುತ್ತಾರೆ. ಅದರಲ್ಲಿ 7 ಎಂದರೆ ಶುದ್ಧ ನೀರಿನಂತೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ, ಮತ್ತು ಒಂದೊಂದು ಅಂಕಿ ಇಳಿದಾಗಲೂ ಆಮ್ಲತೆ ಹತ್ತು ಪಟ್ಟು ಹೆಚ್ಚುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸಿನಲ್ಲಿರುತ್ತದೆ. ಜರ್ಮನಿಯ ಹೈನ್‌ರಿಖ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೋನಿನಿ 1928ರಲ್ಲಿ ಇದನ್ನು ಚರ್ಮದ ಆಮ್ಲ ಕವಚವೆಂದು ವರ್ಣಿಸಿದರು. ಸಾಂಪ್ರದಾಯಿಕ ಸಾಬೂನಿನ ಪಿಎಚ್ 9ರಿಂದ 10ರಷ್ಟಿರುವುದರಿಂದ, ದಿನಕ್ಕೆ ಮೂರು ನಾಲ್ಕು ಸಲ ಮುಖಕ್ಕೆ ಸಾಬೂನು ಹಾಕುವವರಲ್ಲಿ ಈ ಕವಚ ಮತ್ತೆಮತ್ತೆ ಹರಿಯುತ್ತದೆ. ಹೀಗಾದಾಗ ಗುಂಡಿ ಕತ್ತರಿಸುವ ಕಿಣ್ವಗಳು ಮಿತಿಮೀರಿ ಚುರುಕಾಗುತ್ತವೆ, ಗಾರೆ ಕಲಸುವ ಕಿಣ್ವಗಳು ಮಂದವಾಗುತ್ತವೆ, ಗೋಡೆ ಎರಡು ಕಡೆಯಿಂದಲೂ ಸಡಿಲವಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನಿನ ಅಂಶ ಚೆನ್ನಾಗಿ ತೊಳೆದುಹೋಗದೆ ಚರ್ಮದ ಮೇಲೆ ಉಳಿಯುವುದರಿಂದ, ಅಂಥ ನೀರನ್ನೇ ನಂಬಿರುವ ಬಯಲುಸೀಮೆಯ ಊರುಗಳಲ್ಲಿ ತೊಂದರೆ ಇನ್ನಷ್ಟು ಹೆಚ್ಚುತ್ತದೆ.

ಸೂಕ್ಷ್ಮ ಚರ್ಮ ಎಂದರೇನು

ಸೂಕ್ಷ್ಮ ಚರ್ಮ ಎಂಬ ಮಾತನ್ನು ಜಾಹೀರಾತುಗಳು ಸಡಿಲವಾಗಿ ಬಳಸಿದರೂ ವೈದ್ಯಕೀಯದಲ್ಲಿ ಅದಕ್ಕೆ ಒಂದು ಗೊತ್ತಾದ ಅರ್ಥವಿದೆ. ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡಬಾರದ ನೀರು, ಗಾಳಿ, ಬಿಸಿಲು ಅಥವಾ ಕ್ರೀಮಿನ ಸೋಂಕಿಗೇ ಚುಚ್ಚುವಿಕೆ, ಉರಿ, ನೋವು, ತುರಿಕೆ ಅಥವಾ ಜುಮುಗುಡುವಿಕೆ ಕಾಣಿಸಿಕೊಳ್ಳುವ ಸ್ಥಿತಿಯನ್ನು ತಜ್ಞರು ಸೂಕ್ಷ್ಮ ಚರ್ಮವೆಂದು ಗುರುತಿಸುತ್ತಾರೆ. ಚರ್ಮ ನೋಡಲು ಸಹಜವಾಗಿಯೇ ಇದ್ದು, ಅನುಭವ ಮಾತ್ರ ಕಷ್ಟಕರವಾಗಿರುವುದೂ ಸಾಧ್ಯವಿರುವುದರಿಂದ, ಮನೆಯವರು ಇದನ್ನು ನೆವವೆಂದು ತಳ್ಳಿಹಾಕುವುದುಂಟು. ಆದರೆ ಈ ಉರಿಯ ಹಿಂದೆ ಸಡಿಲಗೊಂಡ ಗೋಡೆ, ಅದರ ಬಿರುಕುಗಳ ಮೂಲಕ ವೇಗವಾಗಿ ಒಳಸೇರುವ ವಸ್ತುಗಳು ಮತ್ತು ಬೇಗ ಕೆರಳುವ ನರತುದಿಗಳು ಇರುತ್ತವೆ.

ಇಂಥ ಚರ್ಮವನ್ನು ಗುರುತಿಸುವ ಒಂದು ಹೆಸರಾಂತ ಪರೀಕ್ಷೆಯನ್ನು ಪೀಟರ್ ಫ್ರಾಶ್ ಮತ್ತು ಆಲ್ಬರ್ಟ್ ಕ್ಲಿಗ್ಮನ್ 1977ರಲ್ಲಿ ವಿವರಿಸಿದರು. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಮಡಿಕೆಗೆ ದುರ್ಬಲ ಲ್ಯಾಕ್ಟಿಕ್ ಆಮ್ಲವನ್ನು ಸವರಿ, ಕೆಲವು ನಿಮಿಷಗಳ ಕಾಲ ಎಷ್ಟು ಚುರುಗುಡುತ್ತದೆಂದು ಕೇಳಿ ತಿಳಿಯುವುದೇ ಆ ಪರೀಕ್ಷೆ. ಚರ್ಮವನ್ನು ನಯಗೊಳಿಸಲು ಕೊಡುವ ಆಮ್ಲವೂ, ಚರ್ಮದ ಅಸಹನೆಯನ್ನು ಅಳೆಯಲು ಬಳಸುವ ಆಮ್ಲವೂ ಒಂದೇ ಆಗಿರುವುದು ಇಡೀ ವಿಷಯದ ತಿರುಳನ್ನು ತೋರಿಸಿಕೊಡುತ್ತದೆ. ಒಬ್ಬರಿಗೆ ನೆರವಾಗುವ ಪ್ರಮಾಣವೇ ಇನ್ನೊಬ್ಬರಿಗೆ ಪೆಟ್ಟಾಗಬಹುದಾದ್ದರಿಂದ, ಗೆಳತಿಗೆ ಒಗ್ಗಿದ ಸೀರಮ್ ತನಗೂ ಒಗ್ಗೀತೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಉಜ್ಜುವ ರೂಢಿಯ ಮಿತಿ

ಪೊರೆ ತೆಗೆಯುವ ಆರೈಕೆ ಕನ್ನಡನಾಡಿಗೆ ಹೊಸದಲ್ಲ. ಎಣ್ಣೆ ನೀರಿನ ದಿನ ಮೈಗೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ತಿಕ್ಕಿ, ಕಡಲೆಹಿಟ್ಟು ಇಲ್ಲವೇ ಹೆಸರುಹಿಟ್ಟಿನಿಂದ ಜಿಡ್ಡು ತೆಗೆದು, ಒಣಗಿದ ಹೀರೆಕಾಯಿಯ ನಾರಿನಿಂದಲೋ ಬಚ್ಚಲಿನ ಕಲ್ಲಿನಿಂದಲೋ ಮೈ ಕೈ ಉಜ್ಜಿಕೊಳ್ಳುವ ರೂಢಿ ತಲೆಮಾರುಗಳಿಂದ ಬಂದದ್ದು. ಹಿಮ್ಮಡಿ ಮತ್ತು ಮೊಣಕೈಗಳ ದಪ್ಪ ಚರ್ಮಕ್ಕೆ ಕಲ್ಲು ಒಗ್ಗುತ್ತದೆ, ಎಣ್ಣೆಯ ಪಸೆಯ ಮೇಲೆ ಹಗುರವಾಗಿ ಆಡಿಸಿದ ನುಣ್ಣನೆಯ ಹಿಟ್ಟು ಹೆಚ್ಚಿನವರ ಮೈಗೂ ಹಿತವಾಗಿಯೇ ಇರುತ್ತದೆ. ಆದರೆ ಒಣ ಮುಖದ ಮೇಲೆ ತರಿಯಾದ ಹಿಟ್ಟು, ಸಕ್ಕರೆ, ಉಪ್ಪು, ಕಾಫಿಪುಡಿ ಅಥವಾ ಪುಡಿಮಾಡಿದ ಕಾಯಿಚಿಪ್ಪಿನ ಸ್ಕ್ರಬ್ಬುಗಳನ್ನು ಬಲವಾಗಿ ತಿಕ್ಕಿದಾಗ ಆ ತರಿಗಳಿಗೆ ಹಣ್ಣೆಲೆ ಯಾವುದು, ಹಸಿರೆಲೆ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಕೈಯ ಬಲ ಬಿದ್ದಲ್ಲೆಲ್ಲ ಅವು ಕೆರೆದುಹಾಕುತ್ತವೆ, ಮೊಡವೆಯಿದ್ದರೆ ಒಡೆಯುತ್ತವೆ, ಉರಿಯೂತವಿದ್ದರೆ ಕೆರಳಿಸುತ್ತವೆ.

ಅಡಿಗೆಮನೆಯ ಹುಳಿಗಳ ಕಥೆ ಇನ್ನೂ ಕುತೂಹಲಕರವಾಗಿದೆ, ಏಕೆಂದರೆ ಮೊಸರಿನ ಲ್ಯಾಕ್ಟಿಕ್, ಹುಣಸೆಯ ಟಾರ್ಟಾರಿಕ್, ನಿಂಬೆಯ ಸಿಟ್ರಿಕ್ ಮತ್ತು ಕಬ್ಬಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಗ್ಲೈಕಾಲಿಕ್ ಆಮ್ಲಗಳೇ ಇಂದು ಸೀಸೆಗಳಲ್ಲಿ ಮಾರಾಟವಾಗುವ ಆಮ್ಲಗಳ ಬಳಗ. ಮೊಸರು ಇವುಗಳಲ್ಲಿ ಸೌಮ್ಯವಾದದ್ದು. ಅದರಲ್ಲಿ ಆಮ್ಲ ಕಡಿಮೆ, ಕೊಬ್ಬು ಮತ್ತು ಪ್ರೋಟೀನುಗಳ ಮೆತ್ತೆ ಹೆಚ್ಚು, ಪಿಎಚ್ ಕೂಡ ಚರ್ಮದ ಪಿಎಚ್‌ಗೆ ಹತ್ತಿರ. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿರುವುದರಿಂದ ಅದು ಚರ್ಮದ ಮೇಲ್ಮೈಗಿಂತ ನೂರಾರು ಪಟ್ಟು ಹೆಚ್ಚು ಹುಳಿ. ಅದಕ್ಕಿಂತ ಗಂಭೀರವಾದ ಅಪಾಯವೊಂದಿದೆ: ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಫ್ಯೂರೋಕೂಮರಿನ್ ಎಂಬ ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ, ಸುಟ್ಟಂಥ ಬೊಬ್ಬೆಗಳೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಬಣ್ಣ ತಿಳಿಯಾಗಲೆಂದು ನಿಂಬೆಹೋಳು ತಿಕ್ಕಿ ಬಿಸಿಲಿಗೆ ಹೋದವರಿಗೆ ಬಣ್ಣ ಕಪ್ಪಾಗುವುದು ಈ ಕಾರಣದಿಂದ. ಕಾಯಿ ಪಪ್ಪಾಯಿಯ ಹಾಲಿನಲ್ಲಿರುವ ಪಪೇಯಿನ್ ಎಂಬ ಕಿಣ್ವವೂ ಪ್ರೋಟೀನನ್ನು ಕರಗಿಸುವಂಥದ್ದಾದರೂ, ಅದರ ತೀಕ್ಷ್ಣತೆ ಕಾಯಿಯಿಂದ ಕಾಯಿಗೆ ಬೇರೆಯಾಗಿರುತ್ತದೆ ಮತ್ತು ಕೆಲವರಲ್ಲಿ ಅಲರ್ಜಿಯನ್ನು ಹುಟ್ಟಿಸುತ್ತದೆ. ನಿಸರ್ಗದಿಂದ ಬಂದದ್ದೆಂಬ ಕಾರಣಕ್ಕೆ ಯಾವ ವಸ್ತುವೂ ಸೌಮ್ಯವಾಗುವುದಿಲ್ಲ. ಪ್ರಮಾಣ ಗೊತ್ತಿದ್ದರೆ ಮಾತ್ರ ಸೌಮ್ಯತೆಯನ್ನು ಸಾಧಿಸಬಹುದು.

ಹುಳಿ ಹಾಲಿನಿಂದ ಔಷಧದವರೆಗೆ

ಲ್ಯಾಕ್ಟಿಕ್ ಆಮ್ಲವನ್ನು ಸ್ವೀಡನ್ನಿನ ರಸಾಯನವಿಜ್ಞಾನಿ ಕಾರ್ಲ್ ವಿಲ್‌ಹೆಲ್ಮ್ ಶೀಲೆ 1780ರಲ್ಲಿ ಹುಳಿ ಬಂದ ಹಾಲಿನಿಂದ ಬೇರ್ಪಡಿಸಿದರು. ವಿಲ್ಲೋ ಮರದ ತೊಗಟೆಯಲ್ಲಿರುವ ಸ್ಯಾಲಿಸಿನ್‌ನಿಂದ ಇಟಲಿಯ ರಫಾಯೆಲೆ ಪಿರಿಯಾ 1838ರಲ್ಲಿ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದರು, ಜರ್ಮನಿಯ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ 1882ರಲ್ಲಿ ಅದರ ಪೊರೆ ಬಿಡಿಸುವ ಗುಣವನ್ನು ಬರೆದಿಟ್ಟರು. ಆದರೆ ಇಂದಿನ ಮೃದು ಆಮ್ಲಗಳ ಯುಗಕ್ಕೆ ನಾಂದಿಯಾದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡುತ್ತಿದ್ದ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯು ಅವರ 1974ರ ಸಂಶೋಧನಾ ಲೇಖನ. ಮೈಯೆಲ್ಲ ಮೀನಿನ ಹುರುಪೆಯಂತೆ ಒಡೆಯುವ ಇಕ್ತಿಯೋಸಿಸ್ ಎಂಬ ಕಾಯಿಲೆಯವರಿಗೆ ಪರಿಹಾರ ಹುಡುಕುತ್ತಿದ್ದ ಅವರು, ಹಣ್ಣು ಹಾಲುಗಳಲ್ಲಿ ಸಿಗುವ ಆಲ್ಫಾ ಹೈಡ್ರಾಕ್ಸಿ ಆಮ್ಲಗಳನ್ನು ಹಚ್ಚಿದಾಗ ಕೋಶಗಳ ನಡುವಿನ ಹಿಡಿತ ಸಡಿಲವಾಗಿ ಹುರುಪೆ ಕಳಚುವುದನ್ನು ಕಂಡುಕೊಂಡರು. ಪೇಟೆಯಲ್ಲಿ ಕಾಂತಿವರ್ಧಕವೆಂದು ಮಾರಾಟವಾಗುವ ಈ ಆಮ್ಲಗಳು ರೋಗಿಗಳ ಸಂಕಟ ನೀಗುವ ಪ್ರಯತ್ನದಲ್ಲಿ ಹುಟ್ಟಿದವು ಎಂಬುದನ್ನು ಮರೆಯಬಾರದು; ಅವು ಔಷಧದ ಮನೆತನಕ್ಕೆ ಸೇರಿದವಾದ್ದರಿಂದ ಔಷಧಕ್ಕೆ ತೋರುವ ಎಚ್ಚರವನ್ನೇ ಅವುಗಳಿಗೂ ತೋರಬೇಕು.

ಆಮ್ಲಗಳ ಗುಣಭೇದ

ಆಲ್ಫಾ ಹೈಡ್ರಾಕ್ಸಿ ಆಮ್ಲಗಳನ್ನು ಸೀಸೆಗಳ ಮೇಲೆ ಎಎಚ್‌ಎ ಎಂದು ಸಂಕ್ಷೇಪಿಸುತ್ತಾರೆ. ಇವು ನೀರಿನಲ್ಲಿ ಕರಗುವಂಥವು, ಇವುಗಳ ಸೌಮ್ಯತೆಯನ್ನು ಅಂದಾಜು ಮಾಡಲು ಅಣುವಿನ ಗಾತ್ರ ಒಂದು ಒಳ್ಳೆಯ ಸುಳಿವು. ಗ್ಲೈಕಾಲಿಕ್ ಆಮ್ಲದ ಅಣುತೂಕ 76 ಮಾತ್ರ, ಬಳಗದಲ್ಲೇ ಅತಿ ಸಣ್ಣದಾದ ಅದು ಬೇಗನೆ ಆಳಕ್ಕಿಳಿಯುವುದರಿಂದ ಪರಿಣಾಮವೂ ಹೆಚ್ಚು, ಉರಿಯೂ ಹೆಚ್ಚು. ಸೂಕ್ಷ್ಮ ಚರ್ಮದವರು ಅದರಿಂದ ಆರಂಭಿಸದಿರುವುದು ಲೇಸು. ಲ್ಯಾಕ್ಟಿಕ್ ಆಮ್ಲದ ಅಣುತೂಕ 90. ಇದು ಚರ್ಮಕ್ಕೆ ಅಪರಿಚಿತವೂ ಅಲ್ಲ, ಏಕೆಂದರೆ ಹೊರಪದರ ತನ್ನ ತೇವವನ್ನು ಹಿಡಿದಿಡಲು ತಾನೇ ಇಟ್ಟುಕೊಂಡಿರುವ ವಸ್ತುಗಳಲ್ಲಿ ಅಮೈನೋ ಆಮ್ಲಗಳು ಮತ್ತು ಯೂರಿಯಾದ ಜೊತೆಗೆ ಲ್ಯಾಕ್ಟೇಟ್ ಕೂಡ ಸೇರಿದೆ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಅದು ಪೊರೆಯನ್ನೂ ಸಡಿಲಿಸುತ್ತದೆ, ತೇವವನ್ನೂ ಹಿಡಿಯುತ್ತದೆ. ಕಹಿ ಬಾದಾಮಿಯಿಂದ ಮೊದಲು ಪಡೆದ ಕಾರಣ ಜರ್ಮನ್ ಭಾಷೆಯ ಬಾದಾಮಿಯ ಹೆಸರನ್ನೇ ಹೊತ್ತಿರುವ ಮ್ಯಾಂಡೆಲಿಕ್ ಆಮ್ಲದ ಅಣುತೂಕ 152. ಇದು ಗ್ಲೈಕಾಲಿಕ್‌ಗಿಂತ ನಿಧಾನವಾಗಿ ಒಳಸೇರುವುದರಿಂದ ಮೊಡವೆ ಮತ್ತು ಕಲೆಗಳಿರುವ ಕಂದು ಬಣ್ಣದ ಚರ್ಮಕ್ಕೆ ಚರ್ಮವೈದ್ಯರು ಇದನ್ನು ಆರಿಸುವುದುಂಟು.

ಪಾಲಿ ಹೈಡ್ರಾಕ್ಸಿ ಆಮ್ಲಗಳು, ಅಂದರೆ ಪಿಎಚ್‌ಎಗಳು, ಎಎಚ್‌ಎಗಳ ಮುಂದಿನ ಪೀಳಿಗೆ. ಗ್ಲೂಕೋಸಿನಿಂದ ಬರುವ ಗ್ಲೂಕೋನೋಲ್ಯಾಕ್ಟೋನ್‌ನ ಅಣುತೂಕ 178, ಹಾಲಿನ ಸಕ್ಕರೆಯಿಂದ ಬರುವ ಲ್ಯಾಕ್ಟೋಬಯಾನಿಕ್ ಆಮ್ಲದ್ದು 358. ಅಣು ದೊಡ್ಡದಾದಷ್ಟೂ ಅದು ಮೇಲ್ಪದರದಲ್ಲೇ ತಡೆದು ನಿಧಾನವಾಗಿ ಕೆಲಸ ಮಾಡುತ್ತದೆ, ನರತುದಿಗಳನ್ನು ಥಟ್ಟನೆ ಮುಟ್ಟುವುದಿಲ್ಲ. ಜೊತೆಗೆ ಈ ಅಣುಗಳಲ್ಲಿ ನೀರನ್ನು ಸೆಳೆದಿಟ್ಟುಕೊಳ್ಳುವ ಹೈಡ್ರಾಕ್ಸಿಲ್ ಗುಂಪುಗಳು ಹಲವಿರುವುದರಿಂದ ಚರ್ಮಕ್ಕೆ ತೇವವೂ ದೊರೆಯುತ್ತದೆ. ಸೂಕ್ಷ್ಮ ಚರ್ಮದವರು ಆಮ್ಲದ ಆರೈಕೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಈ ಗುಂಪೇ ಸರಿಯಾದ ಉತ್ತರ.

ಬೀಟಾ ಹೈಡ್ರಾಕ್ಸಿ ಆಮ್ಲ, ಬಿಎಚ್‌ಎ, ಎಂದು ಪೇಟೆಯಲ್ಲಿ ಕರೆಯಲಾಗುವ ಸ್ಯಾಲಿಸಿಲಿಕ್ ಆಮ್ಲದ ದಾರಿ ಬೇರೆ. ಅದು ಎಣ್ಣೆಯಲ್ಲಿ ಕರಗುವುದರಿಂದ ಜಿಡ್ಡು ತುಂಬಿದ ರೋಮರಂಧ್ರದೊಳಕ್ಕೆ ಇಳಿದು ಅಲ್ಲಿ ಕಟ್ಟಿಕೊಂಡ ಕೋಶಗಳನ್ನು ಸಡಿಲಿಸುತ್ತದೆ, ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತದೆ. ಎಣ್ಣೆ ಮುಖ ಮತ್ತು ಮೊಡವೆಯ ಜೊತೆಗೆ ಸೂಕ್ಷ್ಮತೆಯೂ ಇರುವವರಿಗೆ 0.5ರಿಂದ 1 ಶೇಕಡಾದಷ್ಟು ಸಾಕು. ಒಣ ಚರ್ಮವನ್ನು ಅದು ಇನ್ನಷ್ಟು ಒಣಗಿಸುತ್ತದೆ. ಆಸ್ಪಿರಿನ್ ಮಾತ್ರೆ ಈ ಆಮ್ಲದ ಹತ್ತಿರದ ಸಂಬಂಧಿಯಾದ್ದರಿಂದ, ಆ ಮಾತ್ರೆಗೆ ಅಲರ್ಜಿಯಿರುವವರು ಇದನ್ನು ದೂರವಿಡಬೇಕು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ಶೇಕಡಾ ಒಂದೇ ಸಾಲದು

ಕೊಳ್ಳುವವರ ಕಣ್ಣು ಮೊದಲು ಬೀಳುವುದು ಸೀಸೆಯ ಮೇಲಿನ ಶೇಕಡಾ ಅಂಕಿಯ ಮೇಲೆ. ಆದರೆ ಆಮ್ಲದ ನಿಜವಾದ ಬಲವನ್ನು ಶೇಕಡಾ ಮತ್ತು ಪಿಎಚ್ ಎರಡೂ ಸೇರಿ ನಿರ್ಧರಿಸುತ್ತವೆ. ದ್ರಾವಣದಲ್ಲಿರುವ ಆಮ್ಲದ ಒಂದು ಪಾಲು ಸ್ವತಂತ್ರ ಆಮ್ಲವಾಗಿಯೂ ಉಳಿದದ್ದು ಲವಣದ ರೂಪದಲ್ಲಿಯೂ ಇರುತ್ತದೆ, ಚರ್ಮದೊಳಕ್ಕೆ ಸುಲಭವಾಗಿ ಸೇರಿ ಪೊರೆ ಸಡಿಲಿಸುವುದು ಮುಖ್ಯವಾಗಿ ಸ್ವತಂತ್ರ ಆಮ್ಲ. ಲ್ಯಾಕ್ಟಿಕ್ ಆಮ್ಲದ ವಿಷಯದಲ್ಲಿ ಪಿಎಚ್ ಸುಮಾರು 3.9 ಇದ್ದಾಗ ಎರಡೂ ಪಾಲುಗಳು ಸಮವಾಗಿರುತ್ತವೆ, ಪಿಎಚ್ 4.5ಕ್ಕೆ ಏರಿದರೆ ಸ್ವತಂತ್ರ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆಯಾಗುತ್ತದೆ, 3ಕ್ಕೆ ಇಳಿದರೆ ಬಹುಪಾಲು ಆಮ್ಲ ಸ್ವತಂತ್ರವಾಗಿ ಬಿಡುತ್ತದೆ. ಹಾಗಾಗಿ 3ರ ಪಿಎಚ್‌ನ 5 ಶೇಕಡಾ ಸೀರಮ್, 4.5ರ ಪಿಎಚ್‌ನ 10 ಶೇಕಡಾ ಸೀರಮ್‌ಗಿಂತ ಹೆಚ್ಚು ಚುರುಗುಡಬಹುದು. ಅಮೆರಿಕದ ಸೌಂದರ್ಯೋತ್ಪನ್ನ ಘಟಕಗಳ ಪರಾಮರ್ಶೆ ಸಮಿತಿ 1998ರಲ್ಲಿ, ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳು ಗ್ರಾಹಕರು ತಾವೇ ಬಳಸುವ ಉತ್ಪನ್ನಗಳಲ್ಲಿ 10 ಶೇಕಡಾ ಮೀರದೆ, ಪಿಎಚ್ 3.5ಕ್ಕಿಂತ ಇಳಿಯದೆ, ಬಿಸಿಲಿನ ರಕ್ಷಣೆಯೊಡನೆ ಇದ್ದರೆ ಸುರಕ್ಷಿತವೆಂದು ತೀರ್ಮಾನಿಸಿತು. ಇದು ಎಲ್ಲ ಬಗೆಯ ಚರ್ಮಕ್ಕೂ ಹೇಳಿದ ಮೇಲಿನ ಮಿತಿ. ಸೂಕ್ಷ್ಮ ಚರ್ಮದವರು ಅದರ ಅರ್ಧದಲ್ಲೇ ನಿಲ್ಲುವುದು, ಪಿಎಚ್ 4ರ ಆಸುಪಾಸಿನ ಉತ್ಪನ್ನವನ್ನು ಆರಿಸುವುದು ವಿವೇಕ.

ಚರ್ಮವೈದ್ಯರು ಚಿಕಿತ್ಸಾಲಯದಲ್ಲಿ ಮಾಡುವ ಪೀಲಿಂಗ್‌ಗೆ ಇದರ ಹಲವು ಪಟ್ಟು ತೀಕ್ಷ್ಣವಾದ ದ್ರಾವಣಗಳು ಬೇಕಾಗುತ್ತವೆ. ಅಲ್ಲಿ ಗಡಿಯಾರ ನೋಡುತ್ತ ಹಚ್ಚಿ, ತಕ್ಕ ಕ್ಷಣದಲ್ಲಿ ಆಮ್ಲವನ್ನು ಶಮನಗೊಳಿಸಲು ತರಬೇತಾದ ಕೈ ಇರುತ್ತದೆ. ಅಂಥ ದ್ರಾವಣಗಳನ್ನು ಅಂತರ್ಜಾಲದಲ್ಲಿ ಕೊಂಡು ಮನೆಯಲ್ಲಿ ಹಚ್ಚಿಕೊಂಡವರಿಗೆ ಸುಟ್ಟಗಾಯಗಳಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರಲ್ಲಿ ಜನರನ್ನು ಎಚ್ಚರಿಸಿದೆ.

ಕಂದು ಚರ್ಮ ಮತ್ತು ಬಿಸಿಲು

ಈ ವಿಷಯದ ಹೆಚ್ಚಿನ ಬರವಣಿಗೆ ಬಿಳಿಯ ಚರ್ಮದವರ ನಡುವೆ ಹುಟ್ಟಿದ್ದರಿಂದ, ಆಮ್ಲ ಅತಿಯಾಯಿತೆಂಬುದಕ್ಕೆ ಮುಖ ಕೆಂಪಾಗುವುದೇ ಗುರುತೆಂದು ಅದು ಹೇಳುತ್ತದೆ. ಗೋಧಿಬಣ್ಣದಿಂದ ಕಡುಕಪ್ಪಿನವರೆಗಿನ ನಮ್ಮ ಜನರ ಚರ್ಮದಲ್ಲಿ ಕೆಂಪು ಸುಲಭವಾಗಿ ಎದ್ದು ಕಾಣುವುದಿಲ್ಲ. ಅದರ ಬದಲು ಮುಖ ಬಿಗಿದಂತಾಗುವುದು, ಮುಟ್ಟಿದರೆ ಬಿಸಿಯೆನಿಸುವುದು, ಬರಿಯ ನೀರಿಗೂ ಚುರುಗುಟ್ಟುವುದು ಮತ್ತು ಎಣ್ಣೆ ಸವರಿದಂತೆ ಅಸಹಜವಾಗಿ ಮಿನುಗುವುದು ಮೊದಲ ಸೂಚನೆಗಳು. ಇವನ್ನು ಲಕ್ಷಿಸದೆ ಮುಂದುವರಿದರೆ ಕೆರಳಿದ ವರ್ಣಕೋಶಗಳು ಮೆಲನಿನ್ ಎಂಬ ಬಣ್ಣದ್ರವ್ಯವನ್ನು ಹೆಚ್ಚು ಸುರಿಸಿ, ಉರಿಯೂತದ ನಂತರದ ಕಪ್ಪು ಕಲೆಗಳನ್ನು ಬಿಡುತ್ತವೆ. ಮೆಲನಿನ್ ಸಮೃದ್ಧವಾಗಿರುವ ಚರ್ಮದಲ್ಲಿ ಈ ಕಲೆಗಳು ಹೆಚ್ಚು ಗಾಢವಾಗಿದ್ದು ಮಾಸಲು ಎಷ್ಟೋ ತಿಂಗಳುಗಳೇ ಬೇಕಾಗುವುದರಿಂದ, ಹಳೆಯ ಕಲೆ ಹೋಗಲೆಂದು ಹಚ್ಚಿದ ಆಮ್ಲವೇ ಹೊಸ ಕಲೆ ತಂದಿತೆಂಬ ದೂರು ನಮ್ಮಲ್ಲಿ ಸಾಮಾನ್ಯ.

ಹಳೆಯ ಕೋಶಗಳ ಸಾಲು ತೆಳುವಾದಾಗ ಬಿಸಿಲಿನ ಅತಿನೇರಳೆ ಕಿರಣಗಳು ಹೆಚ್ಚು ತಾಗುತ್ತವೆ. ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ನಾಲ್ಕು ವಾರ ಎಎಚ್‌ಎ ಹಚ್ಚಿಕೊಂಡವರ ಚರ್ಮ ಈ ಕಿರಣಗಳಿಗೆ ಕೆಂಪಾಗುವ ಪ್ರವೃತ್ತಿ 18 ಶೇಕಡಾದಷ್ಟು ಹೆಚ್ಚಿತು, ಬಳಕೆ ನಿಲ್ಲಿಸಿದ ಒಂದು ವಾರದೊಳಗೆ ಅದು ಮೊದಲಿನ ಸ್ಥಿತಿಗೆ ಮರಳಿತು. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಬಿಸಿಲು ಚುರುಕಾಗಿರುವ ಕರ್ನಾಟಕದಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ, ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಧಾರಾಳವಾಗಿ ಹಚ್ಚಿ, ಹೊರಗಿರುವಾಗ ಸುಮಾರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲು ಆಗದವರು ಆಮ್ಲವನ್ನು ಆರಂಭಿಸದಿರುವುದೇ ಸರಿ. ಹೊಲಗದ್ದೆ, ಕಟ್ಟಡ ಮತ್ತು ರಸ್ತೆಯ ಕೆಲಸಗಳಲ್ಲಿ ದಿನವಿಡೀ ಬಿಸಿಲಿಗೆ ಬೀಳುವವರ ಮುಖಕ್ಕೆ ಸೆರಗು, ಟೊಪ್ಪಿ, ತೇವಾಂಶಕಾರಿ ಮತ್ತು ಸಾಧ್ಯವಾದರೆ ಸನ್‌ಸ್ಕ್ರೀನ್ ಮಾಡುವ ಉಪಕಾರವನ್ನು ಯಾವ ಆಮ್ಲವೂ ಮಾಡಲಾರದು.

ಬಳಸುವ ಕ್ರಮ

ಆಮ್ಲವನ್ನು ಹಚ್ಚುವ ಮೊದಲು ಗೋಡೆ ಗಟ್ಟಿಯಾಗಿರಬೇಕು. ಮೂರು ನಾಲ್ಕು ವಾರಗಳ ಕಾಲ ಸುಗಂಧವಿಲ್ಲದ ಸೌಮ್ಯ ಕ್ಲೆನ್ಸರ್, ಗ್ಲಿಸರಿನ್ ಮತ್ತು ಸೆರಮೈಡ್‌ಗಳಿರುವ ತೇವಾಂಶಕಾರಿ, ಹಗಲಿನಲ್ಲಿ ಸನ್‌ಸ್ಕ್ರೀನ್, ಇಷ್ಟನ್ನೇ ಬಳಸಿ, ನೀರು ಬಿದ್ದರೆ ಉರಿಯದ ಸ್ಥಿತಿಗೆ ಚರ್ಮ ಬಂದ ಮೇಲೆ ಮುಂದಿನ ಹೆಜ್ಜೆಯಿಡಬೇಕು. ಆರಿಸಿದ ಉತ್ಪನ್ನವನ್ನು ಮೊದಲು ಕಿವಿಯ ಹಿಂದೆ ಅಥವಾ ದವಡೆಯ ಅಂಚಿನಲ್ಲಿ ಒಂದು ಚಿಕ್ಕ ಜಾಗಕ್ಕೆ ಹಚ್ಚಿ ಎರಡು ದಿನ ಕಾಯಬೇಕು. ಪ್ಯಾಚ್ ಟೆಸ್ಟ್ ಎಂದು ಕರೆಯುವ ಈ ಪರೀಕ್ಷೆಯನ್ನು ಕೆಲವು ರಾತ್ರಿ ಪುನರಾವರ್ತಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅಲರ್ಜಿ ತಡವಾಗಿ ತಲೆಯೆತ್ತುವುದುಂಟು.

ಬಳಕೆ ರಾತ್ರಿಯಲ್ಲಿ, ವಾರಕ್ಕೆ ಒಮ್ಮೆ ಮಾತ್ರ ಆರಂಭವಾಗಬೇಕು. ಮುಖ ತೊಳೆದು, ಮೆಲ್ಲಗೆ ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೆ ಹಚ್ಚಬೇಕು. ಒದ್ದೆ ಚರ್ಮದಲ್ಲಿ ಆಮ್ಲ ಬೇಗ ಇಳಿಯುತ್ತದೆ. ತೀರ ಅಳುಕಿರುವವರು ಮೊದಲು ತೇವಾಂಶಕಾರಿಯ ತೆಳು ಲೇಪ ಹಚ್ಚಿ ಅದರ ಮೇಲೆ ಆಮ್ಲ ಸವರಬಹುದು, ಇಲ್ಲವೇ ಹತ್ತು ನಿಮಿಷ ಬಿಟ್ಟು ತೊಳೆದುಬಿಡಬಹುದು. ರೆಪ್ಪೆ, ತುಟಿ ಮತ್ತು ಮೂಗಿನ ಮೂಲೆಗಳನ್ನು ಬಿಟ್ಟು ಉಳಿದ ಭಾಗಕ್ಕೆ ಬಟಾಣಿ ಗಾತ್ರದಷ್ಟು ಸಾಕು, ಕೊನೆಗೆ ತೇವಾಂಶಕಾರಿ ಹಚ್ಚಲೇಬೇಕು. ಪೊರೆಯ ಒಂದು ಸುತ್ತಿಗೇ ನಾಲ್ಕು ವಾರ ಬೇಕಾಗುವುದರಿಂದ, ಒಂದು ತಿಂಗಳು ಕಳೆಯದೆ ಫಲದ ಬಗ್ಗೆ ತೀರ್ಪು ಕೊಡುವುದೂ ಪ್ರಮಾಣ ಹೆಚ್ಚಿಸುವುದೂ ಆತುರವೆನಿಸುತ್ತದೆ. ಒಗ್ಗಿದರೆ ವಾರಕ್ಕೆರಡು ಸಲಕ್ಕೆ ಏರಿಸಬಹುದು. ಸೂಕ್ಷ್ಮ ಚರ್ಮದ ಹೆಚ್ಚಿನವರಿಗೆ ಅದಕ್ಕಿಂತ ಮುಂದೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಘಟಕಗಳ ಪಟ್ಟಿಯನ್ನು ಓದುವ ಅಭ್ಯಾಸವೂ ಬೇಕು. ಫೇಸ್‌ವಾಶ್‌ನಲ್ಲಿ ಸ್ಯಾಲಿಸಿಲಿಕ್, ಟೋನರಿನಲ್ಲಿ ಗ್ಲೈಕಾಲಿಕ್, ಸೀರಮ್‌ನಲ್ಲಿ ಲ್ಯಾಕ್ಟಿಕ್ ಎಂದು ಮೂರು ಸೀಸೆಗಳಿಂದ ಮೂರು ಆಮ್ಲಗಳು ಸೇರಿದರೆ, ಒಂದೊಂದು ಮಿತವಾಗಿದ್ದರೂ ಒಟ್ಟು ಹೊರೆ ಅತಿಯಾಗುತ್ತದೆ. ಆಮ್ಲ ಹಚ್ಚುವ ರಾತ್ರಿ ರೆಟಿನಾಲ್, ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಸ್ಕ್ರಬ್ಬುಗಳನ್ನು ಬದಿಗಿಡಬೇಕು. ವ್ಯಾಕ್ಸಿಂಗ್, ತ್ರೆಡಿಂಗ್, ಬ್ಲೀಚ್ ಅಥವಾ ಕ್ಷೌರ ಮಾಡಿದ ಮೇಲೆ ಚರ್ಮ ಸುಧಾರಿಸಿಕೊಳ್ಳಲು ಕೆಲವು ದಿನ ಬಿಡಬೇಕು. ಮದುವೆ ಹತ್ತಿರವಾದಾಗ ಹೊಸ ಆಮ್ಲವನ್ನು ಪ್ರಯೋಗಿಸುವುದು ಎಲ್ಲಕ್ಕಿಂತ ಕೆಟ್ಟ ಮುಹೂರ್ತ.

ಹಚ್ಚಲೇಬಾರದ ಸಂದರ್ಭಗಳೂ ಇವೆ. ಎಕ್ಸಿಮಾ ಕೆರಳಿರುವಾಗ, ಮುಖ ಪದೇಪದೇ ಕೆಂಪೇರುವ ರೊಸೇಷಿಯಾ ಉಲ್ಬಣಿಸಿದಾಗ, ಗಾಯ ಅಥವಾ ಬಿಸಿಲಿನ ಸುಡುಗೆ ಇರುವಾಗ, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವಾಗ ಆಮ್ಲ ಬೇಡ. ಹುಬ್ಬು ಮತ್ತು ಮೂಗಿನ ಬದಿಗಳಲ್ಲಿ ಜಿಡ್ಡು ಹೊಟ್ಟು ಮತ್ತೆಮತ್ತೆ ಏಳುತ್ತಿದ್ದರೆ ಅದು ಸತ್ತ ಕೋಶಗಳ ರಾಶಿಯಾಗಿರದೆ ಸೆಬೋರಿಕ್ ಡರ್ಮಟೈಟಿಸ್ ಎಂಬ ಕಾಯಿಲೆಯಾಗಿರಬಹುದು, ಅದಕ್ಕೆ ಬೇಕಾದ ಮದ್ದೇ ಬೇರೆ. ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಎಚ್ಚರಿಕೆಯಿದೆ. ಬಣ್ಣ ತಿಳಿಯಾಗಿಸುತ್ತದೆಂದು ಔಷಧದಂಗಡಿಯಿಂದ ಚೀಟಿಯಿಲ್ಲದೆ ತಂದ ಸ್ಟೆರಾಯ್ಡ್ ಮಿಶ್ರಣದ ಕ್ರೀಮುಗಳನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕ್ರೀಮು ಬಿಟ್ಟ ಕೂಡಲೇ ಮುಖವೆಲ್ಲ ಉರಿಯುವ ಸ್ಥಿತಿಗೆ ತಲುಪಿದವರು ಭಾರತದಲ್ಲಿ ಬಹಳ. ಅಂಥವರು ತಮ್ಮದು ಹುಟ್ಟಿನಿಂದ ಬಂದ ಸೂಕ್ಷ್ಮತೆಯೆಂದು ಭಾವಿಸಿ ಆಮ್ಲಕ್ಕೆ ಕೈಹಾಕಿದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಅವರಿಗೆ ಬೇಕಾದದ್ದು ಚರ್ಮವೈದ್ಯರ ಆಸರೆ.

ಉರಿದರೆ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಮಾಡಿರುವಷ್ಟು ಹಾನಿಯನ್ನು ಬಹುಶಃ ಬೇರಾವ ನಂಬಿಕೆಯೂ ಮಾಡಿಲ್ಲ. ಅರೆ ನಿಮಿಷದ ನವಿರಾದ ಜುಮುಗುಡುವಿಕೆ ಸಹಜ. ಅದಕ್ಕಿಂತ ಮೀರಿದ ಉರಿ ಎಂದರೆ ಗೋಡೆ ತನ್ನ ಬಿರುಕನ್ನು ತಾನೇ ತೋರಿಸುತ್ತಿದೆ ಎಂದರ್ಥ. ಆಗ ತಣ್ಣೀರಿನಿಂದ ತೊಳೆದು, ಎಲ್ಲ ಆಮ್ಲಗಳನ್ನೂ ನಿಲ್ಲಿಸಿ, ತೇವಾಂಶಕಾರಿ ಇಲ್ಲವೇ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪದಡಿ ಚರ್ಮವನ್ನು ಸುಮ್ಮನೆ ಬಿಡಬೇಕು. ಬೊಬ್ಬೆ, ಊತ ಅಥವಾ ಕೆಲವು ದಿನಗಳಾದರೂ ತಗ್ಗದ ಉರಿ ಇದ್ದರೆ ವೈದ್ಯರನ್ನು ಕಾಣಬೇಕು. ಹೀಗೆ ಬಿಟ್ಟ ಚರ್ಮ ಸುಮ್ಮನಿರುವುದಿಲ್ಲ. ತಳದಲ್ಲಿ ಹೊಸ ಕೋಶಗಳನ್ನು ಹುಟ್ಟಿಸುತ್ತ, ನಡುವೆ ಗಾರೆ ಕಲಸುತ್ತ, ಮೇಲೆ ಒಂದೊಂದೇ ಗುಂಡಿ ಬಿಚ್ಚುತ್ತ, ಹಣ್ಣೆಲೆಗಳನ್ನು ಹಗುರವಾಗಿ ಉದುರಿಸುತ್ತ ಅದು ತನ್ನ ನಾಲ್ಕು ವಾರಗಳ ಸುತ್ತನ್ನು ಮತ್ತೆ ಹಿಡಿಯುತ್ತದೆ. ಆ ಸುತ್ತು ಸರಾಗವಾಗಿ ನಡೆಯುತ್ತಿರುವ ಮುಖಕ್ಕೆ ಆಮ್ಲದ ಹಂಗಿಲ್ಲ. ಎಲ್ಲೋ ತಡೆದು ನಿಂತಾಗ ಮಾತ್ರ, ತೂಗಿ ನೋಡಿದ ಒಂದು ಹನಿ ಹುಳಿ ಅದಕ್ಕೆ ಆಸರೆಯಾದೀತು.